ಎರವಲು ಸಾಲುಗಳ ಕೌದಿ

ಹಳೆಯ ಸೀರೆ, ಪಂಚೆಗಳ ತುಂಡುಗಳನ್ನು ಜೋಡಿಸಿ ಅಜ್ಜಿಯಂದಿರು ಹೊಲಿದ ಕೌದಿಯನ್ನು ನೀವೂ ಹೊದ್ದಿರಬಹುದು. ಲತೀನಿನಲ್ಲಿ ಇಂಥ ತೇಪೆಯ ಬಟ್ಟೆಗೆ ‘ಸೆಂಟೊ’ ಎಂದು ಹೆಸರು. ಅದೇ ಹೆಸರಿನ ಕಾವ್ಯಪ್ರಕಾರವೂ ಒಂದಿತ್ತು. ಹಿರಿಯ ಕವಿಯ ಸಾಲುಗಳನ್ನೂ ಅರ್ಧಸಾಲುಗಳನ್ನೂ ಆಯ್ದು, ಛಂದಸ್ಸು ಕೆಡದಂತೆ ಜೋಡಿಸಿ, ಹೊಸ ಅರ್ಥ ಹೊರಡಿಸುವುದು ಅದರ ರೀತಿ. ನಾಲ್ಕನೆಯ ಶತಮಾನದ ಕವಿ ಔಸೋನಿಯಸ್ ಇದನ್ನು 14 ಮೂಳೆತುಂಡುಗಳಿಂದ ನಾನಾ ಆಕಾರಗಳನ್ನು ಕಟ್ಟುವ ಆಟಕ್ಕೆ ಹೋಲಿಸಿದ್ದಾನೆ. ಅವನಿಗೆ ಅದು ವಿನೋದ. ಅದೇ ಶತಮಾನದ ರೋಮಿನ ಶ್ರೀಮಂತ ಮನೆತನದ ಮಹಿಳೆ ಪ್ರೋಬಾಳಿಗೆ ಅದು ಆರಾಧನೆಯಾಯಿತು.

ಕ್ರಿ.ಪೂ. 19ರಲ್ಲಿ ಮಡಿದ ವರ್ಜಿಲನು ಕ್ರಿಸ್ತರ ಹೆಸರನ್ನೇ ಕೇಳಿದವನಲ್ಲ. ಪ್ರೋಬಾ ಅವನ ಸಾಲುಗಳಿಂದಲೇ ಸೃಷ್ಟಿಯ ಕಥೆಯನ್ನೂ ಪ್ರಭುವಿನ ಜನನದಿಂದ ಸ್ವರ್ಗಾರೋಹಣದವರೆಗಿನ ಕಥೆಯನ್ನೂ ಹೆಣೆದಳು. 694 ಸಾಲುಗಳ ಈ ಕಾವ್ಯದಲ್ಲಿ ಯೇಸು, ಮರಿಯ ಎಂಬ ಹೆಸರುಗಳಿಗೆ ಎಡೆಯಿಲ್ಲ. ವರ್ಜಿಲನಲ್ಲಿ ಇಲ್ಲದ್ದನ್ನು ಆಕೆ ಎಲ್ಲಿಂದ ತಂದಾಳು?

ಈ ಬಡತನವೇ ಕೆಲವೆಡೆ ಸಂಪತ್ತಾಗಿದೆ. ‘ಈನಿಯಡ್’ ಮಹಾಕಾವ್ಯದಲ್ಲಿ ಈನಿಯಸನು ಸೋತ ಶತ್ರುವಿನ ಆಯುಧಗಳನ್ನು ತೂಗುಹಾಕಲು, ಕೊಂಬೆಗಳನ್ನೆಲ್ಲ ಕಡಿದ ದೊಡ್ಡ ಓಕ್ ಮರವೊಂದನ್ನು ವಿಜಯಸ್ತಂಭವಾಗಿ ನಿಲ್ಲಿಸುತ್ತಾನೆ. ಪ್ರೋಬಾಳ ಕೈಯಲ್ಲಿ ಆ ಮರವೇ ಶಿಲುಬೆ. ಮೂಲವನ್ನು ಬಲ್ಲವನಿಗೆ ಅವಮಾನದ ಮರದಲ್ಲಿ ಜಯದ ಗುರುತು ತಾನಾಗಿ ಕಾಣುತ್ತದೆ. ವ್ಯಾಖ್ಯಾನದ ಒಂದು ಮಾತೂ ಬೇಕಿಲ್ಲ.

ಆದರೆ ಕೊರತೆಯನ್ನೂ ಹೇಳಬೇಕು. ಧನಿಕ ಯುವಕನ ಪ್ರಸಂಗದಲ್ಲಿ ಸಂಪತ್ತನ್ನು ತೃಣೀಕರಿಸಲು ಕಲಿ ಎಂಬ ಬೋಧೆಯಿದೆ. ಬಡ ಅರಸ ಇವ್ಯಾಂಡರನು ಅತಿಥಿಗೆ ಹೇಳಿದ ಮಾತಿನ ತುಂಡು ಅದು. ಇದ್ದುದನ್ನೆಲ್ಲ ಮಾರಿ ಬಡವರಿಗೆ ಕೊಡಬೇಕೆಂಬ ಶುಭಸಂದೇಶದ ಕಠಿಣ ಆಜ್ಞೆ ಮಾತ್ರ ಕಾಣದು. ತುಂಡು ಸಿಗಲಿಲ್ಲವೋ, ಸಿರಿವಂತ ಮನೆ ಅದನ್ನು ಹುಡುಕಲಿಲ್ಲವೋ? ಕೌದಿಯಲ್ಲಿ ಇಲ್ಲಿಯೇ ಚಳಿ ನುಗ್ಗುತ್ತದೆ.

ಸಂತ ಜೆರೋಮರು ತಮ್ಮ ಪತ್ರವೊಂದರಲ್ಲಿ ಇಂಥ ಕಾವ್ಯಗಳನ್ನು ಮಕ್ಕಳಾಟವೆಂದು ತಳ್ಳಿಹಾಕಿದರು. ಹೀಗೆಯೇ ಹೋದರೆ ಕ್ರಿಸ್ತರನ್ನರಿಯದ ವರ್ಜಿಲನನ್ನೂ ಕ್ರೈಸ್ತನೆನ್ನಬೇಕಾದೀತು ಎಂಬುದು ಅವರ ಆಕ್ಷೇಪ. ಅದು ಹುರುಳಿಲ್ಲದ ಮಾತಲ್ಲ. ವರ್ಜಿಲನು ನುಡಿಯದ ಸಾಕ್ಷ್ಯವನ್ನು ಅವನ ಬಾಯಿಂದ ನುಡಿಸುವುದು ಸತ್ಯಕ್ಕೆ ಸಲ್ಲದು. ಆದರೆ ಪ್ರೋಬಾ ಅವನನ್ನು ಸಾಕ್ಷಿಯಾಗಿ ಕರೆದಳೆನ್ನುವುದಕ್ಕಿಂತ, ತಾನು ಕಲಿತ ನುಡಿಯನ್ನು ತನ್ನ ದೇವರಿಗೆ ಒಪ್ಪಿಸಿದಳೆನ್ನುವುದು ನ್ಯಾಯ. ಹಿಂದೆ ಯುದ್ಧಗಳನ್ನು ಹಾಡಿದ್ದೆನೆಂದು ಪೀಠಿಕೆಯಲ್ಲಿ ಆಕೆಯೇ ಒಪ್ಪಿಕೊಳ್ಳುತ್ತಾಳೆ. ಯುದ್ಧಕವಿಯ ಸಾಲುಗಳನ್ನೇ ಶಾಂತಿಯ ಅರಸರ ಪಾದದಲ್ಲಿಟ್ಟದ್ದು ಆಕೆಯ ಪಶ್ಚಾತ್ತಾಪವೂ ಇರಬಹುದು.

ಎರವಲು ಮಾತು ಭಕ್ತಿಗೆ ಹೊಸತೇನಲ್ಲ. ಮರಿಯಮ್ಮನವರ ಸ್ತುತಿಗೀತೆಯಲ್ಲಿ ಹನ್ನಳ ಹಾಡು ಮರುದನಿಗೊಳ್ಳುತ್ತದೆ. ಶಿಲುಬೆಯ ಮೇಲೆ ಪ್ರಭುವಿನ ಆರ್ತನಾದವೂ 22ನೆಯ ಕೀರ್ತನೆಯ ಆರಂಭದ ಮಾತೇ. ಅಲ್ಲಿ ಹಳೆಯ ಸಾಲು ಹೊಸ ನೋವಿನ ಬೆಲೆ ತೆತ್ತಿದೆ.

ಓದುಗರೇ, ಸಂಜೆ ಮನೆಮಂದಿಯೊಡನೆ ಜಪಸರ ಹಿಡಿದಾಗ ನಾವು ಹೇಳುವುದೂ ಅನ್ಯರು ಕೊಟ್ಟ ಮಾತುಗಳನ್ನೇ. ಅವು ಎರವಲೆಂಬುದರಲ್ಲಿ ನಾಚಿಕೆಯಿಲ್ಲ. ನಮಗೆ ಹಿತವಾದ ತುಂಡುಗಳನ್ನು ಮಾತ್ರ ಆಯ್ದು, ಚುಚ್ಚುವ ತುಂಡನ್ನು ಬಿಟ್ಟು ಹೊಲಿಯುತ್ತಿದ್ದೇವೆಯೇ ಎಂದು ಪರೀಕ್ಷಿಸಿಕೊಳ್ಳೋಣ.