ಅಣ್ಣಯ್ಯನ ಬಿಡುಗಡೆ

ಪರದೇಶದಲ್ಲಿ ನೆಲಸಿದವನಿಗೆ ದೊರೆಯುವ ವ್ಯಕ್ತಿಸ್ವಾತಂತ್ರ್ಯ ಎಂಥದು? ಈ ಪ್ರಶ್ನೆಯನ್ನು ಕನ್ನಡದಲ್ಲಿ ಕೆಲವೇ ಪುಟಗಳೊಳಗೆ, ನಿಷ್ಠುರವಾಗಿ ಎತ್ತಿದ ಕೃತಿ ಯಾವುದೆಂದು ಕೇಳಿದರೆ ನಾವು ಎ. ಕೆ. ರಾಮಾನುಜನ್ ಅವರ ‘ಅಣ್ಣಯ್ಯನ ಮಾನವಶಾಸ್ತ್ರ’ವನ್ನು ಹೆಸರಿಸುತ್ತೇವೆ. ಲೇಖಕರು 1929ರಲ್ಲಿ ಮೈಸೂರಿನಲ್ಲಿ ಹುಟ್ಟಿದವರು, ಬೆಳಗಾವಿಯಲ್ಲಿ ಅಧ್ಯಾಪಕರಾಗಿದ್ದವರು, 1959ರಲ್ಲಿ ಅಮೆರಿಕಕ್ಕೆ ಹೋಗಿ, ಷಿಕಾಗೋ ವಿಶ್ವವಿದ್ಯಾಲಯದಲ್ಲಿ ಬಹುಕಾಲ ಪಾಠ ಹೇಳಿ, 1993ರಲ್ಲಿ ಆ ಊರಿನಲ್ಲಿಯೇ ತೀರಿಕೊಂಡವರು. ಹಾಗೆಂದು ಕಥೆಯನ್ನು ಅವರ ಜೀವನಚರಿತ್ರೆಯೆಂದು ಓದುವ ಚಪಲ ನಮಗಿಲ್ಲ.

ಕಥಾವಸ್ತು ವಾಚಕರಿಗೆ ಪರಿಚಿತವೇ. ಮೈಸೂರಿನಲ್ಲಿದ್ದಾಗ ಪಶ್ಚಿಮದ ಪುಸ್ತಕಗಳಿಗೆ ಮನಸೋತಿದ್ದ ಅಣ್ಣಯ್ಯ ಷಿಕಾಗೋ ಸೇರಿದ ಮೇಲೆ ತನ್ನ ನಾಡಿನ ಆಚಾರ ವಿಚಾರಗಳನ್ನು ಓದತೊಡಗುತ್ತಾನೆ. ಫರ್ಗುಸನ್ ಎಂಬವನು ಹಿಂದೂ ಸಂಸ್ಕಾರಗಳ ಮೇಲೆ ಬರೆದ ಹೊಸ ಪುಸ್ತಕ ಕೈಗೆ ಸಿಗುತ್ತದೆ. ಅದರ ಚಿತ್ರಗಳನ್ನು ಒದಗಿಸಿದವನು ಹುಣಸೂರಿನ ಸುಂದರರಾಯ, ಅಣ್ಣಯ್ಯನ ದಾಯಾದಿ. ಪುಟ ತಿರುವುತ್ತ ಹೋದಂತೆ ಒಂದು ಶವಸಂಸ್ಕಾರದ ಚಿತ್ರ. ಅದು ತನ್ನ ತಂದೆಯದು! ಮುಂದೆ ತಲೆ ಬೋಳಿಸಿದ ವಿಧವೆಯ ಚಿತ್ರ. ಅದು ತನ್ನ ತಾಯಿ.

ಇದು ಪಾಶ್ಚಾತ್ಯ ವಿದ್ವತ್ತಿನ ವಿಡಂಬನೆ ಎಂದು ಹೇಳುವುದು ವಾಡಿಕೆ. ವಿಡಂಬನೆ ಇದೆ, ನಿಜ. ಆದರೆ ಫರ್ಗುಸನ್ ಸುಳ್ಳು ಬರೆದಿಲ್ಲ. ಅವನ ಪುಸ್ತಕದಲ್ಲಿ ಇರುವುದೆಲ್ಲ ನಡೆದದ್ದೇ. ಅವನನ್ನೇ ಕಥೆಯ ಅಪರಾಧಿಯಾಗಿ ನಿಲ್ಲಿಸಿದರೆ ಅಣ್ಣಯ್ಯನನ್ನು ಸುಲಭವಾಗಿ ಬಿಟ್ಟುಬಿಟ್ಟಂತಾಗುತ್ತದೆ ಎಂದು ನಮ್ಮ ಭಾವನೆ.

ಅಣ್ಣಯ್ಯನಿಗೆ ಷಿಕಾಗೋ ಕೊಟ್ಟ ಸ್ವಾತಂತ್ರ್ಯವಾದರೂ ಯಾವುದು? ಅಲ್ಲಿ ಅವನನ್ನು ಇಂಥವರ ಮಗ, ಇಂಥ ಮನೆಯವನು ಎಂದು ಗುರುತಿಸುವವರಿಲ್ಲ. ಮಡಿ ಮೈಲಿಗೆಗಳನ್ನು ಪಾಲಿಸದೆ, ಅವುಗಳ ವಿಷಯವನ್ನು ಕುತೂಹಲದಿಂದ ಓದಿ ಸಂತೋಷಪಡಬಹುದು. ಮೈಸೂರಿನ ಮನೆಯಲ್ಲಿ ಕಟ್ಟಾಗಿದ್ದುದು ಷಿಕಾಗೋದಲ್ಲಿ ವಿಷಯವಾಗುತ್ತದೆ. ಇದು ಅಲ್ಪ ಲಾಭವಲ್ಲ. ತನ್ನವರನ್ನು ದೂರದಿಂದ ನೋಡಬಲ್ಲವನಿಗೆ ಮಾತ್ರ ಕೆಲವು ಸಂಗತಿಗಳು ಕಾಣುತ್ತವೆ. ಆದರೆ ಹೆಸರಿನ ಹಂಗಿಲ್ಲದೆ ಬಾಳಲು ಹೋದವನ ಎದುರಿಗೆ ಅವನ ತಾಯಿಯೇ ಹೆಸರಿಲ್ಲದ ಉದಾಹರಣೆಯಾಗಿ ಬಂದು ನಿಲ್ಲುತ್ತಾಳೆ. ಆ ಪುಸ್ತಕವನ್ನು ಎಷ್ಟು ಜನ ಓದಿದರೂ ಅವರಿಗೆ ಅವಳು ಒಬ್ಬ ಹಿಂದೂ ವಿಧವೆ. ಅಮ್ಮ ಎಂದು ಕರೆಯಬಲ್ಲ ಓದುಗ ಅವನೊಬ್ಬನೇ. ಕಳಚಿತೆಂದುಕೊಂಡ ಸಂಬಂಧ ಗ್ರಂಥದೊಳಗಿಂದ ಅವನ ಕೈ ಹಿಡಿಯುತ್ತದೆ.

ಇನ್ನೊಂದು ಸಂಗತಿ. ತಂದೆ ಸತ್ತ ಸುದ್ದಿ ಅವನಿಗೆ ತಲುಪಿಲ್ಲ. ದೂರದಲ್ಲಿರುವ ಮಗ ನೊಂದಾನು, ಓದು ಕೆಟ್ಟೀತು ಎಂಬ ಅಕ್ಕರೆ ಇಂಥ ಮೌನದ ಹಿಂದೆ ಇರುವುದನ್ನು ನಾವು ಬಲ್ಲೆವು. ಕಾಸರಗೋಡಿನ ನಮ್ಮ ಕಡೆಯಿಂದ ಕೊಲ್ಲಿ ದೇಶಗಳಿಗೆ ಹೋದವರ ಮನೆಗಳಲ್ಲಿ ‘ಇಲ್ಲಿ ಎಲ್ಲರೂ ಕ್ಷೇಮ’ ಎಂದು ಬರೆದ ಕಾಗದಗಳಲ್ಲಿ ಎಷ್ಟು ನಿಜವಿತ್ತೆಂಬುದು ಬರೆದವರಿಗೇ ಗೊತ್ತು. ಈಗ ಕಾಗದದ ಬದಲು ಮೊಬೈಲು ಬಂದಿದೆ. ಮರೆಮಾಚುವ ಅಕ್ಕರೆಯೇನೂ ಹೋಗಿಲ್ಲ. ಹೋದವನ ಬಿಡುಗಡೆಗೆ ಉಳಿದವರು ಹೀಗೆ ಬೆಲೆ ತೆರುತ್ತಿರುತ್ತಾರೆ. ಅವನಿಗೆ ಅದರ ಲೆಕ್ಕ ಸಿಗುವುದಿಲ್ಲ. ಅಣ್ಣಯ್ಯನಿಗೆ ಸಿಕ್ಕಿತು, ಅದೂ ಚಿತ್ರಸಹಿತವಾಗಿ.

ಕಥೆಯಲ್ಲಿ ದೋಷವಿಲ್ಲವೆಂದಲ್ಲ. ಒಂದೇ ಪುಸ್ತಕದಲ್ಲಿ ಒಂದೇ ಮನೆಯ ಇಷ್ಟೊಂದು ಚಿತ್ರಗಳು ಬಂದು ಸೇರುವುದು ಕಾಕತಾಳೀಯವನ್ನು ತುಸು ಹೆಚ್ಚಾಗಿಯೇ ದುಡಿಸಿಕೊಂಡಂತೆ. ದಾಯಾದಿಯ ಛಾಯಾಚಿತ್ರದ ಉದ್ಯೋಗವನ್ನು ಮುಂಚಿತವಾಗಿ ಹೂಡಿ ಲೇಖಕರು ಇದನ್ನು ಸಂಭಾವ್ಯವಾಗಿಸಿದ್ದಾರೆ. ಎರಡನೆಯ ಓದಿನಲ್ಲಿ ಆ ಹೂಟ ಸ್ವಲ್ಪ ಕಣ್ಣಿಗೆ ಬೀಳುತ್ತದೆ.

ಇದಕ್ಕಿಂತ ನಮ್ಮನ್ನು ಹೆಚ್ಚು ಕಾಡುವುದು ಆ ತಾಯಿ. ಮಗನ ಸ್ವಾತಂತ್ರ್ಯವನ್ನು ಕುರಿತು ನಾವು ಇಷ್ಟೆಲ್ಲ ಬರೆದೆವು. ತಲೆ ಬೋಳಿಸುವಾಗ ಅವಳನ್ನು ಯಾರಾದರೂ ಕೇಳಿದರೇ? ಕ್ಯಾಮರಾದ ಮುಂದೆ ಕೂರಿಸುವಾಗ ಕೇಳಿದರೇ? ಮಗನಿಗೆ ತಿಳಿಸಬಾರದೆಂಬುದು ಅವಳ ತೀರ್ಮಾನವೋ, ಮನೆಯ ಗಂಡಸರದೋ? ಪುಟದ ಮೇಲೆ ಅವಳ ಮುಖವಿದೆ. ಷಿಕಾಗೋದಲ್ಲಿ ಕುಳಿತ ಮಗ ಅದನ್ನು ನೋಡುತ್ತಾನೆ, ಕೇಳಲಾರ.