ಹಳದಿ ಕಾಗದ, ಮೊಣಕಾಲಿನ ಗಂಟೆ

ವಿಕ್ಟರ್ ಹ್ಯೂಗೋ 1862ರಲ್ಲಿ ಪ್ರಕಟಿಸಿದ ‘ಲೆ ಮಿಸರಾಬ್ಲ್’ ಕಾದಂಬರಿಯನ್ನು ನಾನು ಮೊದಲು ಓದಿದ್ದು ಕ್ಷಮೆಯ ಕತೆಯಾಗಿ. ಬ್ರಿಟನ್ನಿನ ಒಂದು ತೀರ್ಪನ್ನು ಓದಿದ ಮೇಲೆ ಅದನ್ನು ಮತ್ತೆ ಕೈಗೆತ್ತಿಕೊಂಡೆ. ಈ ಸಲ ಕಾಡಿದ ಪ್ರಶ್ನೆಯೇ ಬೇರೆ: ಜೀನ್ ವಾಲ್ಜೀನ್‌ನಂಥವನನ್ನು ಮಕ್ಕಳಿರುವ ಕಡೆ ಕೆಲಸಕ್ಕೆ ಇಟ್ಟುಕೊಳ್ಳಬಹುದೇ?

ತೀರ್ಪಿನಲ್ಲಿ ‘ಪಿ’ ಎಂದಷ್ಟೇ ಕರೆದಿರುವ ಮಹಿಳೆ 1999ರಲ್ಲಿ ಮನೆಯಿಲ್ಲದೆ ಅಲೆಯುತ್ತಿದ್ದಳು. ಆಕೆಗಿದ್ದ ಸ್ಕಿಜೋಫ್ರೇನಿಯಾ ಇನ್ನೂ ಪತ್ತೆಯಾಗಿರಲಿಲ್ಲ. ಒಂದು ಸ್ಯಾಂಡ್‌ವಿಚ್ ಕದ್ದಾಗ ಪೊಲೀಸರು ಎಚ್ಚರಿಕೆ ಕೊಟ್ಟು ಬಿಟ್ಟರು. ಅದೇ ವರ್ಷ 99 ಪೆನ್ನಿಯ ಪುಸ್ತಕ ಕದ್ದಳು, ಜಾಮೀನು ಪಡೆದು ಕೋರ್ಟಿಗೆ ಹಾಜರಾಗಲಿಲ್ಲ. ದಾಖಲೆಯಲ್ಲಿ ಇವು ಎರಡು ಅಪರಾಧಗಳಾದವು. ಮುಂದೆ ಶಾಲೆಯಲ್ಲಿ ಶಿಕ್ಷಕರ ಸಹಾಯಕಿಯಾಗಲು ಹೊರಟಾಗ ಅವು ಅಡ್ಡ ನಿಂತವು. ಒಂದಕ್ಕಿಂತ ಹೆಚ್ಚು ಅಪರಾಧಗಳಿದ್ದರೆ, ಎಷ್ಟೇ ಹಳೆಯವಾಗಲಿ, ಎಷ್ಟೇ ಸಣ್ಣವಾಗಲಿ, ಮಕ್ಕಳೊಂದಿಗಿನ ಕೆಲಸಕ್ಕೆ ಬೇಕಾದ ಪ್ರಮಾಣಪತ್ರದಲ್ಲಿ ಎಲ್ಲವೂ ಕಾಣಿಸಬೇಕೆಂಬ ನಿಯಮವಿತ್ತು. ಆ ಕೆಲಸವನ್ನು ಕಾನೂನು ಆಕೆಗೆ ನಿಷೇಧಿಸಿರಲಿಲ್ಲ. ಆದರೆ ಅಂಥ ಕಾಗದ ನೋಡಿದ ಮೇಲೆ ಯಾರು ಕರೆದಾರು? 2019ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಈ ನಿಯಮ ಮಿತಿಮೀರಿದ್ದು ಎಂದಿತು. 2020ರಲ್ಲಿ ಅದನ್ನು ಕೈಬಿಟ್ಟರು. ಗಂಭೀರ ಅಪರಾಧಗಳು ಈಗಲೂ ಕಾಣಿಸುತ್ತವೆ.

ವಾಲ್ಜೀನ್‌ನ ದಾಖಲೆ ಬೆಳೆದದ್ದೂ ಹೀಗೆಯೇ. ಅಕ್ಕನ ಏಳು ಮಕ್ಕಳ ಹಸಿವಿಗಾಗಿ ಕದ್ದ ಬ್ರೆಡ್ಡಿಗೆ 5 ವರ್ಷ. ತಪ್ಪಿಸಿಕೊಳ್ಳಲು ಯತ್ನಿಸಿದ್ದಕ್ಕೆ ಇನ್ನೂ 14. ಬಿಡುಗಡೆಯಾದಾಗ ಕೈಯಲ್ಲಿದ್ದ ಹಳದಿ ಗುರುತುಪತ್ರ ನೋಡಿದವರೆಲ್ಲ ಬಾಗಿಲು ಮುಚ್ಚುತ್ತಾರೆ. ಆದರೆ ತಾಯಿಯಿಂದ ದುಡ್ಡು ಪಡೆದು ಪುಟ್ಟ ಕೋಸೆಟ್‌ಳನ್ನು ಚಿಂದಿ ಬಟ್ಟೆಯಲ್ಲಿ ದುಡಿಸಿದ ಥೆನಾರ್ಡಿಯೇ ದಂಪತಿಯ ಬಳಿ ಅಂಥ ಕಾಗದವಿರಲಿಲ್ಲ. ಸಿಕ್ಕಿಬಿದ್ದವರನ್ನಷ್ಟೇ ದಾಖಲೆ ಬಲ್ಲದು.

ಇಷ್ಟಕ್ಕೇ ನಿಲ್ಲಿಸಿದ್ದರೆ ಹ್ಯೂಗೋನ ವಾದ ಸಲೀಸಾಗುತ್ತಿತ್ತು. ಅವನು ನಿಲ್ಲಿಸುವುದಿಲ್ಲ. ಬಿಡುಗಡೆಯಾದ ಮೇಲೆ, ಬಿಷಪ್ಪರ ಕರುಣೆ ಕಂಡ ಮೇಲೂ, ವಾಲ್ಜೀನ್ ಹತ್ತು ವರ್ಷದ ಆಸುಪಾಸಿನ ಜೆರ್ವೇ ಎಂಬ ಹುಡುಗನ ನಾಣ್ಯದ ಮೇಲೆ ಕಾಲಿಟ್ಟು ಕೊಡದೆ ಓಡಿಸುತ್ತಾನೆ. ಮಗುವಿನ ವಿರುದ್ಧವೇ ತಪ್ಪೆಸಗಿದವನ ಕೈಗೆ ಮುಂದೆ ಕಾದಂಬರಿ ಒಂದು ಮಗುವನ್ನು ಒಪ್ಪಿಸುತ್ತದೆ. ಇದು ಕಾದಂಬರಿಯ ಅತ್ಯಂತ ಧೈರ್ಯದ ಹೆಜ್ಜೆ ಎಂದು ನನಗನ್ನಿಸುತ್ತದೆ. ಕದ್ದದ್ದು ಬರೀ ಬ್ರೆಡ್ಡಾಗಿದ್ದರೆ ನಂಬುವುದು ಸುಲಭ.

ಆದರೆ ನಮಗೊಂದು ಅನುಕೂಲವಿದೆ. ಆ ನಾಣ್ಯಕ್ಕಾಗಿ ಅವನು ಅತ್ತದ್ದನ್ನು ಹ್ಯೂಗೋ ನಮಗೆ ತೋರಿಸಿದ್ದಾನೆ. ಶಾಲೆಯ ಮುಖ್ಯೋಪಾಧ್ಯಾಯರಿಗೆ ಅಂಥ ನಿರೂಪಕ ಸಿಗುವುದಿಲ್ಲ. ತಪ್ಪಿದರೆ ಬೆಲೆ ತೆರುವುದು ಮಗು. ಕಾದಂಬರಿಯ ಕರುಣೆಯನ್ನೇ ನಿಯಮ ಮಾಡಿಬಿಡಿ ಎಂದು ಹೇಳಲು ನನಗೆ ಬಾಯಿ ಬರುವುದಿಲ್ಲ.

ಹಾಗಾದರೆ ಏನು ಮಾಡಬೇಕು? ಉತ್ತರದ ಒಂದು ತುಣುಕು ಕಾದಂಬರಿಯಲ್ಲೇ ಇದೆ. ವಾಲ್ಜೀನ್ ಹೆಸರು ಮರೆಸಿಕೊಂಡು ಪ್ಯಾರಿಸ್ಸಿನ ಒಂದು ಕಾನ್ವೆಂಟಿನಲ್ಲಿ ತೋಟದ ಕೆಲಸಕ್ಕೆ ಸೇರುತ್ತಾನೆ. ಅಲ್ಲಿ ಹೆಣ್ಣುಮಕ್ಕಳು ಓದುತ್ತಾರೆ, ಕೋಸೆಟ್ ಕೂಡ. ತೋಟಗಾರ ಮೊಣಕಾಲಿಗೆ ಗಂಟೆ ಕಟ್ಟಿಕೊಳ್ಳಬೇಕು. ಗಂಡಸು ಬರುತ್ತಿದ್ದಾನೆಂದು ಎಲ್ಲರಿಗೂ ತಿಳಿಯಲಿ ಎಂದು. ಹಿಂದೆ ಮೊದಲೇ ಓದಿ ನಕ್ಕು ಮುಂದೆ ಹೋಗಿದ್ದ ವಿವರವಿದು. ಆ ಗಂಟೆ ಹಳೆಯ ತೋಟಗಾರನಿಗೂ ಇತ್ತು, ಮಾಜಿ ಕೈದಿಗೂ ಇತ್ತು. ಯಾರ ಹಿಂದಿನ ಬದುಕನ್ನೂ ಕೇಳದೆ, ಯಾರನ್ನೂ ಕಣ್ಣುಮುಚ್ಚಿ ನಂಬದೆ, ಇವತ್ತು ಅವನು ಎಲ್ಲಿದ್ದಾನೆಂದು ಅದು ಹೇಳುತ್ತಿತ್ತು. ಸಣ್ಣ ಹಳೆಯ ತಪ್ಪುಗಳ ಪಟ್ಟಿಗಿಂತ, ಎಲ್ಲರ ಮೇಲೂ ಸಮನಾಗಿರುವ ಇಂಥ ದಿನನಿತ್ಯದ ಎಚ್ಚರವೇ ಮಕ್ಕಳನ್ನು ಹೆಚ್ಚು ಕಾಯಬಲ್ಲದು.

ಕೊನೆಯಲ್ಲಿ ವಾಲ್ಜೀನ್ ತಾನಾಗಿಯೇ ಅಳಿಯ ಮಾರಿಯಸ್‌ಗೆ ತಾನು ಕೈದಿಯಾಗಿದ್ದೆ ಎನ್ನುತ್ತಾನೆ. ಮಾರಿಯಸ್ ಬೈಯುವುದಿಲ್ಲ. ಮಾವ ಕೂರುತ್ತಿದ್ದ ಕೋಣೆಯಲ್ಲಿ ಬೆಂಕಿ ಹಾಕುವುದು ನಿಲ್ಲುತ್ತದೆ, ಒಂದು ದಿನ ಕುರ್ಚಿಗಳೂ ಇರುವುದಿಲ್ಲ. ಶಾಲೆಗೆ ಅರ್ಜಿ ಹಾಕಿ ಉತ್ತರಕ್ಕಾಗಿ ಕಾದವರಿಗೆ ಆ ಕೋಣೆಯ ಪರಿಚಯವಿರುತ್ತದೆ.