ಹಿಟ್ಟಿನ ಕೋಳಿಯೂ ಹಣೆಬರಹವೂ

ಮಳೆ ಕೈಕೊಟ್ಟು ಕಡಲೆಕಾಯಿ ಒಣಗಿದರೆ ನಮ್ಮ ರೊಳ್ಳದ ಸೀಮೆಯಲ್ಲಿ ಕನ್ನಡದವರು ‘ಹಣೆಬರಹ’ ಎನ್ನುತ್ತಾರೆ, ತೆಲುಗಿನವರು ‘ತಲರಾತ’ ಎನ್ನುತ್ತಾರೆ. ಮಳೆಯ ಮಟ್ಟಿಗೆ ಆ ಮಾತು ಸಲ್ಲುತ್ತದೆ. ನಾವೇ ಕೈಯಾರೆ ಮಾಡಿದ ಕಾರ್ಯಕ್ಕೂ ಸಲ್ಲುವುದೇ?

ಈ ಪ್ರಶ್ನೆಯನ್ನು ಜನ್ನನು 1209ರಲ್ಲಿ ರಚಿಸಿದ ‘ಯಶೋಧರ ಚರಿತೆ’ಯಷ್ಟು ನಿಷ್ಠುರವಾಗಿ ಎದುರಿಸಿದ ಕನ್ನಡ ಕಾವ್ಯ ವಿರಳವೆಂದು ನಾವು ಭಾವಿಸುತ್ತೇವೆ. ಮಡದಿಯ ಜಾರತನವನ್ನು ಕಣ್ಣಾರೆ ಕಂಡ ಯಶೋಧರನು ತಾಯಿಯೆದುರು ಅದನ್ನು ಕೆಟ್ಟ ಕನಸೆಂದು ಮರೆಮಾಚುತ್ತಾನೆ. ಕನಸಿನ ದೋಷ ಕಳೆಯಲು ದೇವಿಗೆ ಪ್ರಾಣಿಬಲಿ ಕೊಡೆಂದು ತಾಯಿ ಚಂದ್ರಮತಿ ಹಟ ಹಿಡಿಯುತ್ತಾಳೆ. ಅವನು ಒಪ್ಪುವುದಿಲ್ಲ, ಕೊನೆಗೆ ಹಿಟ್ಟಿನ ಕೋಳಿಯಾದರೆ ಆಗಲೆಂದು ಮಣಿಯುತ್ತಾನೆ. ಹನಿ ನೆತ್ತರೂ ಹರಿಯದ ಆ ಬಲಿಗಾಗಿ ತಾಯಿ, ಮಗ ಇಬ್ಬರೂ ಪ್ರಾಣಿಜನ್ಮಗಳಲ್ಲಿ ತೊಳಲುತ್ತಾರೆ. ತಾಯಿಯ ಒತ್ತಾಯವೆಂಬ ಸಮಾಧಾನ ಅಲ್ಲಿ ನಡೆಯದು. ಒತ್ತಾಯ ಹೊರಗಿನದು, ಕತ್ತಿಯೆತ್ತಿದ ಸಂಕಲ್ಪ ಅವನದು.

ಅವನು ಬೇರೆ ರೀತಿ ನಡೆಯಬಹುದಿತ್ತೇ? ಪಾಶ್ಚಾತ್ಯ ತಾತ್ತ್ವಿಕರ ವಾದವೆಲ್ಲ ಇದೇ ಪ್ರಶ್ನೆಯ ಸುತ್ತ. ಒಮ್ಮೆ ನಿರಾಕರಿಸಿದವನು ಮತ್ತೊಮ್ಮೆಯೂ ನಿರಾಕರಿಸಬಲ್ಲವನೇ ಆಗಿದ್ದನೆಂಬುದು ಕಥೆಯ ನಡೆಯಲ್ಲೇ ಇದೆ.

ನಮಗೆ ತೊಡಕೆನಿಸುವುದು ರಾಣಿ ಅಮೃತಮತಿಯ ವಿಚಾರ. ಕುರೂಪಿ ಮಾವುತನ ಹಾಡಿಗೆ ಅವಳು ಸೋತ ಪ್ರಸಂಗದಲ್ಲಿ ಕವಿಯು ಮನ್ಮಥನ ಮಾಯೆಗೆ ವಿಧಿಯನ್ನೂ ಜೊತೆಗೂಡಿಸುತ್ತಾನೆ. ಆದರೂ ಅವಳಿಗೆ ನರಕ ತಪ್ಪದು. ಗಂಡನಿಗೂ ಅತ್ತೆಗೂ ವಿಷವಿಕ್ಕಿದ್ದು ಅವಳ ಕೃತ್ಯವೇ ಸರಿ. ಹಾಡಿಗೆ ಮನಸೋತದ್ದು? ಅರಸನಿಗೆ ಹಿಡಿದ ಅಳತೆಗೋಲನ್ನು ಜನ್ನನು ಇಲ್ಲಿ ಹಿಡಿದಿಲ್ಲ. ಇದೇ ಕಥೆಯನ್ನು ‘ಹಿಟ್ಟಿನ ಹುಂಜ’ ನಾಟಕಕ್ಕೆ ಎತ್ತಿಕೊಂಡ ಗಿರೀಶ ಕಾರ್ನಾಡರು ರಾಣಿಯ ಕಡೆಯಿಂದಲೂ ನೋಡಿದ್ದು ಸಹಜವೇ.